ಊರಿಗೆಲ್ಲ ನೀರು ಕುಡಿಸುವವನ ಮನೆಯ ನಲ್ಲಿ

ಈ ಊರಿನಲ್ಲಿ ಯಾರು, ಎಲ್ಲಿ, ಒಂದು ಗುಟುಕು ನೀರು ಕುಡಿದರೂ ಅದರಲ್ಲಿ ನನ್ನದೊಂದು ಪಾಲಿರುತ್ತದೆ. ಗಾಬರಿಯಾಗಬೇಡಿ! ನಾನು ನೀರು ಶುದ್ಧೀಕರಣ ಘಟಕದ ಕೆಮಿಸ್ಟ್. ಕೆಸರು, ಕಸ, ಪಾಚಿ, ದಾರಿ ತಪ್ಪಿದ ಮೀನಿನ ಮರಿಗಳ ಸಮೇತ ನದಿಯಿಂದ ನುಗ್ಗಿ ಬರುವ ನೀರಿಗೆ ಪಟಿಕ ಬೆರೆಸಿ, ಕಲಕಿ, ಕೊಳೆಯನ್ನೆಲ್ಲ ಹಿಂಜಿದ ಹತ್ತಿಯ ಹಾಗೆ ಉಂಡೆಗಟ್ಟಿಸಿ, ತಳಕ್ಕಿಳಿಸಿ, ಮರಳಿನ ಹಾಸಿನಲ್ಲಿ ಸೋಸಿ, ಕೊನೆಗೆ ಕ್ಲೋರಿನ್ ಎಂಬ ಕಾವಲುಗಾರನನ್ನು ಜೊತೆಮಾಡಿ ಊರೊಳಗೆ ಕಳಿಸಿಕೊಡುವುದು ನನ್ನ ಕೆಲಸ. ವೈರಿಗಳಿಗೆ ನೀರು ಕುಡಿಸಿದ ವೀರಾಧಿವೀರರ ಕಥೆಗಳನ್ನು ನೀವು ಕೇಳಿರಬಹುದು. ವೈರಿ, ಮಿತ್ರ ಎಂಬ ಭೇದವಿಲ್ಲದೆ ಊರಿಗೆ ಊರಿಗೇ ನೀರು ಕುಡಿಸುವವನು ನಾನೊಬ್ಬನೇ!

ಈ ಹೆಮ್ಮೆಯನ್ನು ನಾನು ಲ್ಯಾಬಿನಲ್ಲೇ ಬಿಟ್ಟು ಬರುತ್ತಿರಲಿಲ್ಲ. ಮನೆಯಲ್ಲೂ ಊಟಕ್ಕೆ ಕೂತಾಗ ಲೋಟ ಎತ್ತಿ, ದೀಪಕ್ಕೆ ಹಿಡಿದು, ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ಆಹಾ! ಏನು ರುಚಿ! ಇದಪ್ಪಾ ನೀರು ಅಂದ್ರೆ!" ಎನ್ನುತ್ತಿದ್ದೆ. ಹೆಂಡತಿ ತಟ್ಟೆ ನೋಡುತ್ತ ನಗುತ್ತಿದ್ದಳು. ಮಾವ ಕೆಮ್ಮುತ್ತಿದ್ದರು. ಎರಡನ್ನೂ ನಾನು ಮೆಚ್ಚುಗೆ ಎಂದೇ ತಿಳಿದಿದ್ದೆ.

ಮಾವನ ಬಗ್ಗೆ ಹೇಳಿಬಿಡುತ್ತೇನೆ. ನನ್ನ ಹೆಂಡತಿಯ ಅಪ್ಪ, ಈಗ ನಮ್ಮ ಜೊತೆಗೇ ಇದ್ದಾರೆ. ಆಯಸ್ಸೆಲ್ಲ ಮಾರುಕಟ್ಟೆಯಲ್ಲಿ ಹರಾಜು ಕೂಗಿದವರು. ನಿವೃತ್ತಿಯಾದದ್ದು ಅವರು, ಅವರ ಗಂಟಲಲ್ಲ. ಅವರು "ಸೋಪು ಎಲ್ಲಿ?" ಎಂದು ಬಚ್ಚಲಿನಿಂದ ಕೇಳಿದರೆ ಬೀದಿಯ ಕೊನೆಯ ಮನೆಯವರು ತಮ್ಮ ಸೋಪು ಹುಡುಕುತ್ತಾರೆ. ನನ್ನ ಹೆಂಡತಿಯದು ಕರೆಂಟ್ ಕಂಪನಿಯ ದೂರು ವಿಭಾಗದಲ್ಲಿ ಫೋನ್ ಎತ್ತುವ ಕೆಲಸ. ಇಡೀ ದಿನ ಊರಿನ ಬೈಗುಳವನ್ನೆಲ್ಲ ಕಿವಿಯಲ್ಲೇ ಸೋಸಿ, ಮನೆಗೆ ಬರುವಾಗ ತಿಳಿಯಾದ ಮುಖ ಹೊತ್ತು ಬರುತ್ತಾಳೆ. ಅವಳದೂ ಒಂದು ಬಗೆಯ ಶುದ್ಧೀಕರಣವೇ ಎನ್ನಿ!

ಹೀಗಿರುವಾಗ ಒಂದು ಸಂಜೆ ಏನೋ ಹುಡುಕುತ್ತ ಅಡುಗೆಮನೆಗೆ ಹೋದೆ. ನಾನು ಅಡುಗೆಮನೆಗೆ ಹೋಗುವುದೇ ಅಪರೂಪ. ಅದೇ ನನ್ನ ಅಜ್ಞಾನದ ಮೂಲ. ಕಟ್ಟೆಯ ಕೆಳಗೆ ಒಂದು ಪರದೆ. ಸರಿಸಿದೆ. ಒಳಗೆ ಸ್ಟ್ಯಾಂಡಿನ ಮೇಲೆ ತಲೆಕೆಳಗಾಗಿ ನಿಂತಿತ್ತು, ದೊಡ್ಡದೊಂದು ನೀರಿನ ಕ್ಯಾನ್! ನನ್ನ ಕಣ್ಣು ಕತ್ತಲಿಟ್ಟಿತು.

"ಏನಿದು?"

"ನೀರು," ಎಂದಳು ಹೆಂಡತಿ.

"ನೀರು ಅಂತ ಗೊತ್ತು! ಯಾರ ನೀರು?"

"ಕ್ಯಾನಿನವರ ನೀರು."

"ಯಾವಾಗಿನಿಂದ ನಡೀತಿದೆ ಈ ವ್ಯವಹಾರ?"

"ನೀವು 'ಆಹಾ ಏನು ರುಚಿ' ಅನ್ನೋಕೆ ಶುರು ಮಾಡಿದ್ರಲ್ಲ, ಆವಾಗಿನಿಂದ."

ನನ್ನ ನೀರಿಳಿದುಹೋಯಿತು. ಆದರೂ ಸಾವರಿಸಿಕೊಂಡು ಗುಡುಗಿದೆ. "ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ ಕಣ್ರೀ. ನಲ್ಲಿ ನೀರು ಮಬ್ಬಾಗಿ ಬರ್ತಿದೆ, ಮಣ್ಣಿನ ವಾಸನೆ ಅಂತ ಎಷ್ಟು ಸಲ ಹೇಳ್ದೆ! ನೀವೇನಂದ್ರಿ?"

"ಏನಂದೆ?"

"'ಲ್ಯಾಬಿನಲ್ಲಿ ಎಲ್ಲ ಸರಿಯಾಗಿದೆ. ಮೊದಲು ನಿನ್ನ ಲೋಟ ತೊಳಿ' ಅಂದ್ರಿ."

ಹಾಲ್‌ನಿಂದ ಮಾವನ ಗಂಟಲು ಮೊಳಗಿತು. "ಅಂದಿದ್ರಿ ಅಳಿಯಂದ್ರೇ! ನಾನೇ ಸಾಕ್ಷಿ! ಒಂದು ಸಾರಿ, ಎರಡು ಸಾರಿ, ಮೂರು ಸಾರಿ!"

ಊರಿಗೆಲ್ಲ ನೀರು ಕೊಡುವವನ ಮನೆಯಲ್ಲೇ ಕ್ಯಾನ್ ನೀರು! ನಾನು ಅಲ್ಲಿಯೇ, ಆ ಸಿಂಕಿನ ಸಾಕ್ಷಿಯಾಗಿ ಘೋಷಿಸಿದೆ. "ಇನ್ನು ಈ ಮನೆಯಲ್ಲಿ ಕ್ಯಾನ್ ಅನ್ನೋ ಪದಾರ್ಥ ಕಾಣಿಸಕೂಡದು! ನೀವಿಬ್ಬರೂ ನಲ್ಲಿ ನೀರನ್ನೇ ಕೇಳಿ ಕೇಳಿ ಕುಡಿಯೋ ಹಾಗೆ ಮಾಡದಿದ್ರೆ ನಾನು ಕೆಮಿಸ್ಟೇ ಅಲ್ಲ!"

"ಆಯ್ತು. ಮೊದಲು ಆ ಪರದೆ ಸರಿ ಮಾಡಿ," ಎಂದಳು ಹೆಂಡತಿ.

ರೋಷದಲ್ಲಿ ಕ್ಯಾನನ್ನು ಮಗುವಿನ ಹಾಗೆ ಅಪ್ಪಿಕೊಂಡು ಹೊರಗೆ ಇಟ್ಟುಬರಲು ಗೇಟಿಗೆ ಹೋದೆ. ನನ್ನ ಗ್ರಹಚಾರ! ಪಕ್ಕದ ಮನೆಯ ದಂತವೈದ್ಯರು ತಮ್ಮ ಗೇಟಿನಲ್ಲಿ ನಿಂತಿದ್ದರು. ನನ್ನನ್ನು ನೋಡಿದರು. ಕ್ಯಾನನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಏನ್ ಸಾರ್, ನೀವೂ ಕ್ಯಾನ್ ನೀರಿಗೆ ಬಂದ್ಬಿಟ್ರಾ?"

"ಇಲ್ಲ ಇಲ್ಲ, ಇದು ಹೊರಗೆ ಹೋಗ್ತಿರೋದು!"

"ಖಾಲಿ ಆಯ್ತಾ? ಹೊಸದು ಯಾವಾಗ ಬರುತ್ತೆ?"

ದಂತವೈದ್ಯರಿಗೆ ಸುದ್ದಿ ಸಿಕ್ಕರೆ ಅದನ್ನು ತಡೆಯುವವರಿಲ್ಲ. ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದ ರೋಗಿ ಅವರ ಮಾತನ್ನು ಅಲ್ಲಗಳೆಯುವ ಹಾಗಿಲ್ಲ. ಕೇಳಿಸಿಕೊಂಡು ಹೋಗಿ ನಾಲ್ಕು ಜನಕ್ಕೆ ಹೇಳಬಹುದು, ಅಷ್ಟೆ. ವಾರ ಕಳೆಯುವುದರೊಳಗೆ ಹಲ್ಲುನೋವಿದ್ದವರಿಗೆಲ್ಲ ನನ್ನ ಕ್ಯಾನಿನ ವಿಷಯ ಗೊತ್ತಾಗಿತ್ತು. ಕ್ಯಾನ್ ಅಂದೇ ರಾತ್ರಿ ಪರದೆಯ ಹಿಂದೆ ಮರಳಿದ್ದು ಮಾತ್ರ ನನಗೊಬ್ಬನಿಗೆ ಗೊತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ನಮ್ಮ ಇಂಜಿನಿಯರ್ ಸಾಹೇಬರ ಫೋನ್ ಬಂತು.

"ಏನ್ರೀ, ನಮ್ಮ ಕೆಮಿಸ್ಟೇ ಕ್ಯಾನ್ ನೀರು ಕುಡೀತಾರಂತೆ! ಊರಲ್ಲಿ ಎಲ್ಲರೂ ಹಲ್ಲು ಬಿಟ್ಕೊಂಡು ಹೇಳ್ತಿದ್ದಾರೆ. ಹೀಗಾದ್ರೆ ನಮ್ಮ ನೀರನ್ನ ಯಾರ್ರೀ ನಂಬ್ತಾರೆ? ಪೇಪರಿನವರು ಬೇರೆ ಬೆನ್ನು ಹತ್ತಿದ್ದಾರೆ. ಮಧ್ಯಾಹ್ನ ವರದಿಗಾರ್ತೀನ ನಾನೇ ನಿಮ್ಮ ಮನೆಗೆ ಕರ್ಕೊಂಡು ಬರ್ತೀನಿ. ನಿಮ್ಮ ಮನೆಯವರೆಲ್ಲ ನಲ್ಲಿ ನೀರು ಕುಡಿಯೋ ಫೋಟೋ ಬರಬೇಕು. ನಗ್ತಾ ಕುಡೀಬೇಕು, ಗೊತ್ತಾಯ್ತಾ?"

"ಓಹೋ, ಅದಕ್ಕೇನ್ ಸಾರ್! ನಮ್ಮನೇಲಿ ಎಲ್ಲರೂ ನಗ್ತಾನೇ ಕುಡಿಯೋದು!" ಎಂದೆ.

ಫೋನ್ ಇಟ್ಟು ಹೆಂಡತಿಗೆ ವಿಷಯ ಹೇಳಿದೆ. ಅವಳು ನಲ್ಲಿ ತಿರುಗಿಸಿ ಒಂದು ಗಾಜಿನ ಲೋಟ ತುಂಬಿಸಿ ನನ್ನ ಮೂಗಿನ ಕೆಳಗೆ ಹಿಡಿದಳು. ಪಾತ್ರೆ ತೊಳೆದ ನೀರಿನ ಬಣ್ಣ. ಹಸಿ ಮಣ್ಣಿನ ವಾಸನೆ.

"ಫೋಟೋಗೆ ನಗೋದು ನಂಗೇನೂ ಕಷ್ಟ ಇಲ್ಲ," ಎಂದಳು. "ಇದನ್ನ ಕುಡಿದ್ಮೇಲೆ ನಗೋದು ಹೇಗೆ ಅಂತ ಮಾತ್ರ ಹೇಳ್ಕೊಡಿ."

ಲ್ಯಾಬಿನಿಂದ ಹೊರಟಾಗ ಕನ್ನಡಿಯಂತಿದ್ದ ನೀರು ಮನೆಗೆ ಬರುವಾಗ ಹೀಗೇಕಾಯಿತು? ಕೆಮಿಸ್ಟ್ ಎನ್ನಿಸಿಕೊಂಡವನು ಆ ಕ್ಷಣದಲ್ಲಿ ಯೋಚಿಸಬೇಕಾಗಿದ್ದು ಅದನ್ನು. ಆದರೆ ನನ್ನ ತಲೆಯ ತುಂಬ ಫೋಟೋ ಕೂತಿತ್ತು. ಆದ್ದರಿಂದ ನನಗೆ ಹೊಳೆದದ್ದು ಬೇರೆಯೇ ಉಪಾಯ. "ಅಷ್ಟೇ ತಾನೆ? ಊರಿಗೇ ನೀರು ತಿಳಿ ಮಾಡಿ ಕೊಡೋನಿಗೆ ಒಂದು ಬಿಂದಿಗೆ ಯಾವ ಲೆಕ್ಕ! ಮಧ್ಯಾಹ್ನದೊಳಗೆ ಈ ಊಟದ ಮೇಜಿನ ಮೇಲೆ ಶುದ್ಧೀಕರಣ ಘಟಕ ಏಳುತ್ತೆ, ನೋಡ್ತಿರು!"

ಎದ್ದಿತು! ಮಾರುಕಟ್ಟೆಗೆ ಓಡಿ ಪಟಿಕದ ದೊಡ್ಡ ಹರಳು ತಂದೆ. ಜೊತೆಗೆ ಇದ್ದಿಲೂ ಇರಲಿ ಎಂದು ಒಂದು ಚೀಲ ತಂದೆ. ಮನೆಯ ಅತಿ ದೊಡ್ಡ ಪಾತ್ರೆ ಮೇಜನ್ನೇರಿತು. ಪಟಿಕ ಕುಟ್ಟಿ ಪುಡಿಯಾಯಿತು. ಅಲ್ಲಿಗೆ ಒಂದು ಸಣ್ಣ ಸಮಸ್ಯೆ ಎದುರಾಯಿತು. ನನಗೆ ಗೊತ್ತಿರುವ ಲೆಕ್ಕವೆಲ್ಲ ಕೋಟಿ ಲೀಟರುಗಳದ್ದು. ಪಟಿಕವನ್ನು ನಾನು ನೋಡಿರುವುದು ಲಾರಿಗಳಲ್ಲಿ. ಒಂದು ಪಾತ್ರೆ ನೀರಿಗೆ ಎಷ್ಟು? ಸೊನ್ನೆಗಳನ್ನು ಹೊಡೆಯುತ್ತ ಬಂದೆ. ಎಲ್ಲೋ ಒಂದೆರಡು ಸೊನ್ನೆ ಹೊಡೆಯದೆ ಉಳಿದುಹೋದವೆಂದು ಕಾಣುತ್ತದೆ. ಒಂದು ಬೊಗಸೆ ತುಂಬ ಸುರಿದೆ.

"ಮೊದಲು ಜೋರಾಗಿ ಕಲಕಬೇಕು, ಆಮೇಲೆ ನಿಧಾನವಾಗಿ," ಎಂದು ಮಾವನ ಕೈಗೆ ಸೌಟು ಕೊಟ್ಟೆ. "ಮಾವ, ನೀವೇ ನಿಧಾನ ವಿಭಾಗದ ಮುಖ್ಯಸ್ಥರು!"

ನಿಧಾನ ಎಂಬುದು ಮಾವನ ಜಾಯಮಾನದಲ್ಲೇ ಇಲ್ಲ. ಆದರೂ ಪಾಪ, ನಾಲಿಗೆ ಹೊರಚಾಚಿಕೊಂಡು, ನಿದ್ದೆಹೋದ ಮಗುವಿನ ತೊಟ್ಟಿಲು ತೂಗುವವರಂತೆ ಸೌಟು ಆಡಿಸಿದರು. ಮೋಡ ಕಟ್ಟಿತು. ಮೋಡ ತಳಕ್ಕಿಳಿಯಿತು. ಮೇಲಿನ ನೀರನ್ನು ಮೆಲ್ಲಗೆ ಬಸಿದು ಬಟ್ಟೆಯಲ್ಲಿ ಸೋಸಿ ಗಾಜಿನ ಜಗ್ಗಿಗೆ ತುಂಬಿಸಿದೆ. ಆಹಾ! ಸ್ಫಟಿಕ! ಜಗ್ಗಿನ ಆಚೆ ನಿಂತ ಹೆಂಡತಿಯ ಸಂಶಯ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು.

"ಮಾವ, ಮೊದಲ ಲೋಟದ ಗೌರವ ನಿಮಗೇ!"

ಮಾವ ಗಟಗಟನೆ ಕುಡಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅವರ ಕೆನ್ನೆಗಳು ಒಳಗೆ ಹೋದವು. ತುಟಿಗಳು ಸುಕ್ಕುಗಟ್ಟಿ, ದಾರ ಎಳೆದ ಚೀಲದ ಬಾಯಿಯಂತೆ ಮುಚ್ಚಿಕೊಂಡವು. ಅವರು ನನ್ನನ್ನು ಕುರಿತು ಏನೋ ದೀರ್ಘವಾಗಿ ಹೇಳಲು ಹೊರಟರು. ಹೊರಬಿದ್ದದ್ದು "ಫ್ಯೂ…" ಎಂಬ ಸಿಳ್ಳೆ ಮಾತ್ರ! ಒಂದು ಆಯಸ್ಸಿನ ಹರಾಜು, ಶೀತ, ಕೆಮ್ಮು ಯಾವುದಕ್ಕೂ ಬಗ್ಗದ ಗಂಟಲು ಒಂದು ಲೋಟಕ್ಕೆ ಸೋತಿತು.

"ಅಪ್ಪಾ!" ಎಂದು ಹೆಂಡತಿ ಅವರ ಬೆನ್ನು ಸವರಿದಳು. "ರೀ, ಏನು ಹಾಕಿದ್ರಿ ಇದಕ್ಕೆ?"

"ಪಟಿಕ ಒಂಚೂರು ಮುಂದಾಗಿದೆ, ಅಷ್ಟೆ. ಬಾಯಿ ಒಗರಾಗುತ್ತೆ, ಜೀವಕ್ಕೇನೂ ಆಗಲ್ಲ. ಸಕ್ಕರೆ ಕೊಡು. ರುಚಿ ಸರಿ ಮಾಡೋಕೆ ಇದ್ದಿಲಿದೆಯಲ್ಲ!"

ಇದ್ದಿಲನ್ನು ಪುಡಿ ಮಾಡಬೇಕಿತ್ತು. ಕುಟ್ಟುತ್ತ ಕೂರಲು ಸಮಯವೆಲ್ಲಿ? ಮಿಕ್ಸಿಗೆ ತುಂಬಿಸಿ ಬಟನ್ ಒತ್ತಿದೆ. ಮಿಕ್ಸಿಯ ಮುಚ್ಚಳ ಹಿಡಿದುಕೊಳ್ಳಬೇಕು ಎಂಬುದು ಅಡುಗೆಮನೆಗೆ ಹೋಗಿ ಬಂದು ಮಾಡುವವರಿಗೆಲ್ಲ ಗೊತ್ತಿರುತ್ತದೆ. ನನಗೆ ಗೊತ್ತಾದದ್ದು ಮುಚ್ಚಳ ಸೂರಿಗೆ ಬಡಿದಾಗ.

ಭಗ್ಗನೆ ಎದ್ದ ಕಪ್ಪು ಮೋಡದಲ್ಲಿ ಅಡುಗೆಮನೆ ಮುಳುಗಿತು. ಗೋಡೆ ಕಪ್ಪು, ಕಿಟಕಿ ಕಪ್ಪು, ನಾನಂತೂ ಅಂಗಾಲಿನ ಹೊರತು ಕಪ್ಪು. ಮೋಡ ತಿಳಿಯಾಗುತ್ತ ಬಂದಂತೆ, ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಆಕೃತಿಯೊಂದು ಮೂಡಿತು.

"ಇದೂ ನಿಮ್ಮ ಲ್ಯಾಬಿನಲ್ಲಿ ಹೀಗೇನಾ?" ಎಂದಿತು ಆಕೃತಿ.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದರು! ಮುಂದೆ ಇಸ್ತ್ರಿ ಮಾಡಿದ ಅಂಗಿಯ ಸಾಹೇಬರು, ಹಿಂದೆ ಕ್ಯಾಮೆರಾ ಹಿಡಿದ ವರದಿಗಾರ್ತಿ. ನಾನು ಮುಖ ಒರೆಸಿಕೊಂಡು ಹಾಲ್‌ಗೆ ಬರುವಷ್ಟರಲ್ಲಿ ಸಾಹೇಬರ ಕಣ್ಣು ಮೇಜಿನ ಮೇಲೆ ಫಳಫಳ ಹೊಳೆಯುತ್ತಿದ್ದ ಜಗ್ಗಿಗೆ ಬಿದ್ದಿತ್ತು.

"ನೋಡಿ ಮೇಡಂ, ನೋಡಿ! ಇದು ನಮ್ಮ ನಲ್ಲಿ ನೀರು! ಇದರ ಬಗ್ಗೆ ಏನೇನೋ ಹಬ್ಬಿಸ್ತಾರೆ. ತಗೊಳ್ಳಿ ಫೋಟೋ, ನಾನೇ ಕುಡೀತೀನಿ!"

"ಸಾರ್, ಬೇಡ ಸಾರ್, ಅದು…"

"ನೀವು ಸುಮ್ನಿರ್ರೀ!"

ಸಾಹೇಬರು ಕ್ಯಾಮೆರಾದ ಕಡೆ ತಿರುಗಿ, ನಗುತ್ತ, ಲೋಟ ತುಂಬ ಸುರಿದುಕೊಂಡು ಒಂದೇ ಉಸಿರಿಗೆ ಕುಡಿದರು. ವರದಿಗಾರ್ತಿ, "ಹೇಗಿದೆ ಸಾರ್?" ಎಂದರು.

"ಶು…" ಎಂದರು ಸಾಹೇಬರು. 'ಶುದ್ಧ' ಎನ್ನುವುದು ಅವರ ಇರಾದೆಯಾಗಿತ್ತು. 'ದ್ಧ' ಬರಲೇ ಇಲ್ಲ. "ಶೂ… ಶೂ…" ಎನ್ನುತ್ತ ಕುರ್ಚಿಗೆ ಕುಸಿದರು. ಮೂಲೆಯಿಂದ ಮಾವ ಸಹಾನುಭೂತಿಯಿಂದ "ಫ್ಯೂ…" ಎಂದರು. ಶೂ, ಫ್ಯೂ! ಶೂ, ಫ್ಯೂ! ನಮ್ಮ ಹಾಲ್ ರೈಲ್ವೆ ನಿಲ್ದಾಣವಾಯಿತು.

ವರದಿಗಾರ್ತಿ ಕ್ಯಾಮೆರಾ ಇಳಿಸಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. "ನಿಜ ಹೇಳಿ. ಏನು ನಡೀತಿದೆ ಇಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಅಡುಗೆಮನೆಯ ನಲ್ಲಿಯಿಂದ ಒಂದು ಲೋಟ ಹಿಡಿದುಕೊಂಡು ಬಂದು ಅವರ ಮುಂದಿಟ್ಟಳು. "ಇದು ನಮ್ಮ ನಲ್ಲಿ ನೀರು. ಜಗ್ಗಿನಲ್ಲಿರೋದು ಇವರ ಮರ್ಯಾದೆ." ಸಾಹೇಬರು ತಡೆಯಲು ಕೈಯೆತ್ತಿದರು, ಆದರೆ ಆಕ್ಷೇಪಣೆಗೆ ಬಾಯಿ ಬೇಕಲ್ಲ!

"ಇವರ ಲ್ಯಾಬಲ್ಲಿ ನೀರು ಚೆನ್ನಾಗೇ ಇದೆ. ಅದರಲ್ಲಿ ನಂಗೇನೂ ಅನುಮಾನ ಇಲ್ಲ," ಎಂದು ಅವಳು ಮುಂದುವರಿಸಿದಳು. ಮದುವೆಯಾದಂದಿನಿಂದ ಈ ಮಾತಿಗಾಗಿ ಕಾದಿದ್ದೆ. ಅದು ಬಂದಾಗ ಮೈಯೆಲ್ಲ ಮಸಿಯಾಗಿತ್ತು! "ನಮ್ಮ ಆಫೀಸಿಗೆ 'ಕರೆಂಟಿಲ್ಲ' ಅಂತ ಫೋನ್ ಬಂದ್ರೆ ನಾನು ಮೊದಲು ಕೇಳೋದು ಒಂದೇ. ಪಕ್ಕದ ಮನೇಲಿ ಇದೆಯಾ? ಈಗ ಹೇಳಿ, ಪಕ್ಕದ ಮನೆ ನೀರು ಹೇಗಿದೆ?"

  ಎಂಥ ಸರಳ ಪ್ರಶ್ನೆ! ಓಡಿಹೋಗಿ ನನ್ನ ಚೀಲದಿಂದ ಕ್ಲೋರಿನ್ ಪರೀಕ್ಷೆಯ ಸಾಮಾನು ತಂದೆ. ಒಂದು ಗಾಜಿನ ನಳಿಕೆ, ಒಂದು ಸೀಸೆ ಔಷಧಿ. ನೀರಿಗೆ ಕೆಲವು ಹನಿ ಹಾಕಿದಾಗ ಹಳದಿ ಬಣ್ಣ ಬಂದರೆ ಕ್ಲೋರಿನ್ ಇದೆ, ಕಾವಲುಗಾರ ಎಚ್ಚರವಾಗಿದ್ದಾನೆ ಎಂದು ಅರ್ಥ. ಬಣ್ಣ ಬಾರದಿದ್ದರೆ ಆ ನೀರಿಗೆ ಕಾವಲಿಲ್ಲ.

ನಮ್ಮ ನಲ್ಲಿಯ ನೀರಿಗೆ ಹನಿ ಹಾಕಿದೆ. ಅಲುಗಾಡಿಸಿದೆ. ಹಳದಿಯ ಸುಳಿವೇ ಇಲ್ಲ.

ಆಗ ನನ್ನ ಹಾಸ್ಯಪ್ರಜ್ಞೆ ಇಂಗಿಹೋಯಿತು. ಮಬ್ಬು ನೀರು ಬರೀ ಚೆಂದಕ್ಕೆ ಕೇಡು. ಕ್ಲೋರಿನ್ ಇಲ್ಲದ ಮಬ್ಬು ನೀರೆಂದರೆ ದಾರಿಯಲ್ಲಿ ಎಲ್ಲೋ ಹೊಲಸು ಸೇರಿದೆ ಎಂದು ಅರ್ಥ. ನಾವಾದರೆ ಕ್ಯಾನ್ ತರಿಸಿಕೊಂಡೆವು. ನಮ್ಮ ಬೀದಿ ಇಳಿಜಾರು. ಕೆಳಗಿನ ಮನೆಗಳಲ್ಲಿ ನಲ್ಲಿಗೇ ಬಾಯಿಟ್ಟು ಕುಡಿಯುವ ಮಕ್ಕಳಿದ್ದಾರೆ.

"ಬೇಕರಿಯವರ ಮಕ್ಕಳಿಗೆ ಹೊಟ್ಟೆ ಕೆಟ್ಟಿದೆ ಅಂತಿದ್ರು," ಎಂದಳು ಹೆಂಡತಿ ಮೆಲ್ಲಗೆ.

ಮುಖ ತೊಳೆಯುವ ಯೋಚನೆಯೂ ಬರಲಿಲ್ಲ. ಹಾಗೆಯೇ ಬೀದಿಗಿಳಿದೆವು. ನೀರಿನ ಪೈಪು ಬರುವುದು ಬೀದಿಯ ಮೇಲ್ತುದಿಯಿಂದ. ಆದ್ದರಿಂದ ಮೇಲಿನಿಂದಲೇ ಶುರು. ಮೊದಲ ಮನೆಯ ನಲ್ಲಿ: ಚೆಂದದ ಹಳದಿ! ಅದರ ಕೆಳಗಿನ ಮನೆ: ಹಳದಿ! ಮುಂದಿನದು ದಂತವೈದ್ಯರ ಮನೆ. ಬಾಗಿಲು ತೆರೆದ ಅವರು ಒಬ್ಬ ಕರಿಯ ಮೂರ್ತಿ, ಇಬ್ಬರು ಸಿಳ್ಳೆ ಹಾಕುವವರು, ಕ್ಯಾಮೆರಾ, ಮುಂದೆ ನನ್ನ ಹೆಂಡತಿ, ಇಷ್ಟನ್ನೂ ಒಟ್ಟಿಗೆ ನೋಡಿ ತಾವೇ ಬಾಯಿ ತೆರೆದುಕೊಂಡು ನಿಂತರು.

"ಡಾಕ್ಟ್ರೇ, ನಿಮ್ಮ ನಲ್ಲಿ ನೀರು ಸ್ವಲ್ಪ ಬೇಕಿತ್ತು," ಎಂದಳು ಹೆಂಡತಿ.

ಅವರ ನೀರು ನಿಂಬೆಹಣ್ಣಿನ ಹಳದಿ! ಊರೆಲ್ಲ ನೀರಿನ ಹಲ್ಲು ಕಿತ್ತವರ ಮನೆಯ ನಲ್ಲಿಯಲ್ಲೇ ಬೀದಿಯ ಅತ್ಯುತ್ತಮ ನೀರು! ಅವರಿಂದ ಕೆಳಗೆ ನಮ್ಮ ಮನೆ: ಏನೂ ಇಲ್ಲ. ನಮ್ಮ ಕೆಳಗೆ ಬೇಕರಿಯವರ ಮನೆ: ಏನೂ ಇಲ್ಲ. ಬೇಕರಿಯವರ ಹೆಂಡತಿಗೆ, "ಅಮ್ಮಾ, ಈ ನೀರು ಮಕ್ಕಳಿಗೆ ಕೊಡಬೇಡಿ, ಮಕ್ಕಳನ್ನ ಇವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ," ಎಂದೆ.

"ಹಾಗಾದ್ರೆ ಕೆಟ್ಟಿರೋದು ಡಾಕ್ಟರ ಮನೆಗೂ ನಮ್ಮನೆಗೂ ನಡುವೆ," ಎಂದಳು ಹೆಂಡತಿ.

ಎಲ್ಲರೂ ಆ ತುಂಡು ರಸ್ತೆಗೆ ಬಗ್ಗಿದೆವು. ಯಾವುದೋ ಕೇಬಲ್ಲಿಗಾಗಿ ಅಗೆದು ಮುಚ್ಚಿದ ಗುರುತು. ಅದರ ಪಕ್ಕದಲ್ಲೇ ಚರಂಡಿ. ನಡುವೆ, ಬಿಸಿಲಿನಲ್ಲೂ ಒಣಗದ ಒಂದು ಒದ್ದೆ ಜಾಗ. ಕೇಬಲ್ ಅಗೆಯುವಾಗ ಪೈಪಿಗೆ ಏಟು ಬಿದ್ದಿತ್ತು. ನೀರು ಬಿಟ್ಟಾಗ ಸೋರುವುದು, ನಿಲ್ಲಿಸಿದಾಗ ಚರಂಡಿಯದನ್ನು ಒಳಗೆಳೆದುಕೊಳ್ಳುವುದು!

ಸಾಹೇಬರು ಒದ್ದೆ ಜಾಗವನ್ನು ದಿಟ್ಟಿಸಿದರು. ಕತ್ತಿನ ನರ ಉಬ್ಬಿತು, ತುಟಿ ನಡುಗಿತು, ಕಡೆಗೂ ಬಾಯಿ ಒಡೆಯಿತು.

"ವಾಲ್ವ್! ವಾಲ್ವ್ ಮುಚ್ಚಿಸ್ರೀ!"

ನನ್ನ ಸಾಹೇಬರನ್ನು ನಾನು ಮನಸಾರೆ ಮೆಚ್ಚಿದ್ದು ಆ ಹೊತ್ತಿಗೆ. ಅಲ್ಲೇ ನಿಂತು ಫೋನಿನ ಮೇಲೆ ಫೋನ್ ಮಾಡಿ ಟ್ಯಾಂಕರ್ ತರಿಸಿದರು, ಅಗೆಯುವವರನ್ನು ಕರೆಸಿದರು. ವರದಿಗಾರ್ತಿಯ ಕಡೆ ತಿರುಗಿ, "ಮೇಡಂ, ನಡೆದದ್ದನ್ನ ನಡೆದ ಹಾಗೇ ಬರೀರಿ. ನಾನು ಕುಡಿದದ್ದೊಂದು ಬಿಟ್ಟು," ಎಂದರು. ಅಷ್ಟರಲ್ಲಿ ಮಾವನಿಗೂ ಕಂಠ ಮರಳಿತ್ತು. ಮನೆ ಮನೆಗೆ ಹೋಗಿ ಹೇಳುವ ಶ್ರಮವೇ ಬೀಳಲಿಲ್ಲ. ಬೀದಿಯ ನಡುವೆ ನಿಂತು, "ನಲ್ಲಿ ನೀರು ಯಾರೂ ಕುಡೀಬೇಡಿ! ಟ್ಯಾಂಕರ್ ಬರ್ತಿದೆ, ಬಿಂದಿಗೆ ತನ್ನೀ!" ಎಂದು ಅವರು ಕೂಗಿದ ಕೂಗಿಗೆ ಪಕ್ಕದ ಬೀದಿಯವರೂ ಬಿಂದಿಗೆ ಹಿಡಿದು ಬಂದುಬಿಟ್ಟರು!

ಪೈಪಿನ ತುಂಡು ಬದಲಾಯಿತು. ಕೊಳವೆಯನ್ನೆಲ್ಲ ಕ್ಲೋರಿನ್ ನೀರಿನಲ್ಲಿ ತೊಳೆದು ಹರಿಯಬಿಟ್ಟೆವು. ಬೀದಿಯ ಕೊನೆಯ ನಲ್ಲಿಯಲ್ಲೂ ಹಳದಿ ಮೂಡುವ ತನಕ ನಾನು ಮನೆಯೊಳಗೆ ಕೂರಲಿಲ್ಲ. ಬೇಕರಿಯವರ ಮಕ್ಕಳು ಗುಣವಾಗಿ, ಶಾಲೆಗೆ ಹೋಗುವುದಿಲ್ಲವೆಂದು ಹಠ ಮಾಡುವಷ್ಟು ಚೇತರಿಸಿಕೊಂಡರು. ಅದೇ ನೀರು ಕುಡಿದಿದ್ದ ಮಾವ, ಸಾಹೇಬರನ್ನೂ ಡಾಕ್ಟರು ನೋಡಿ, ಏನೂ ಆಗಿಲ್ಲ ಎಂದರು. ನಲ್ಲಿಗಳಲ್ಲಿ ಹಳದಿ ಮೂಡಿದ ದಿನ ಊಟಕ್ಕೆ ಕೂತಾಗ ಹೆಂಡತಿ ತಾನಾಗಿಯೇ ನಲ್ಲಿಯಿಂದ ಲೋಟ ತುಂಬಿಸಿಕೊಂಡು ಬಂದು, ದೀಪಕ್ಕೆ ಹಿಡಿದು, ಕುಡಿದಳು.

"ಹೇಗಿದೆ?" ಎಂದೆ, ಉಸಿರು ಬಿಗಿಹಿಡಿದು.

"ಕ್ಲೋರಿನ್ ವಾಸನೆ ಒಂಚೂರು ಇದೆ," ಎಂದಳು. "ಇರ್ಲಿ. ಕಾವಲಿದೆ ಅಂತ ಗೊತ್ತಾಗುತ್ತೆ."

ಇಷ್ಟಕ್ಕೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ದುರಸ್ತಿಯೆಲ್ಲ ಮುಗಿದ ಮೇಲೆ ಪೇಪರಿನಲ್ಲಿ ವರದಿ ಬಂತು. 'ಒಂದೇ ಪ್ರಶ್ನೆ, ಬೀದಿಯೇ ಪಾರು' ಎಂಬ ದೊಡ್ಡ ಶೀರ್ಷಿಕೆ. ಕೆಳಗೆ ಫೋಟೋ: ಕೈಯಲ್ಲಿ ಹಳದಿ ನೀರಿನ ನಳಿಕೆ ಎತ್ತಿ ಹಿಡಿದ ನನ್ನ ಹೆಂಡತಿ, ಹಿಂದೆ ಸಾಹೇಬರು, ಬಲಗಡೆ ನಾನು. ಮಾವನಿಗೆ ಓದಿ ಹೇಳೋಣವೆಂದು ಎದೆಯುಬ್ಬಿಸಿ ಫೋಟೋದ ಕೆಳಗಿನ ಸಾಲಿಗೆ ಬೆರಳಿಟ್ಟೆ. 'ಬಲಗಡೆ ಇರುವವರು, ಸ್ಥಳದಲ್ಲಿ ಸಹಕರಿಸಿದ ಇದ್ದಿಲು ವ್ಯಾಪಾರಿ.'

"ಏನಂತೆ ಅಳಿಯಂದ್ರೇ?"

"ಏನಿಲ್ಲ ಮಾವ. ನಾವೆಲ್ಲ ಸಹಕರಿಸಿದ್ವಂತೆ," ಎಂದು ಪೇಪರ್ ಮಡಚಿದೆ.

ಸಂಜೆ ಗೇಟಿನ ಹತ್ತಿರ ಗದ್ದಲ ಕೇಳಿ ಹೊರಗೆ ಬಂದೆ. ನೋಡುತ್ತೇನೆ, ಜನ! ಪಕ್ಕದ ಬೀದಿಯವರು, ಆಚೆ ಬೀದಿಯವರು, ಬಾಟಲಿ, ಡಬ್ಬಿ, ಚೊಂಬುಗಳಲ್ಲಿ ತಮ್ಮ ತಮ್ಮ ನಲ್ಲಿಯ ನೀರು ಹಿಡಿದು ಸಾಲಾಗಿ ನಿಂತಿದ್ದರು. ನನ್ನ ಕಣ್ಣು ತೇವವಾಯಿತು. ನೀರನ್ನು ಬೈಯುತ್ತಿದ್ದ ಜನ ನೀರನ್ನು ಪರೀಕ್ಷಿಸಿ ನೋಡಲು ಬಂದಿದ್ದಾರೆ! ಒಬ್ಬ ಕೆಮಿಸ್ಟಿಗೆ ಇದಕ್ಕಿಂತ ಇನ್ನೇನು ಬೇಕು? ನಳಿಕೆ, ಸೀಸೆ ತಂದು, ತೋಳು ಮಡಚಿ, ಸಾಲಿನಲ್ಲಿ ಮೊದಲು ನಿಂತಿದ್ದ ಅಜ್ಜಿಯ ಚೊಂಬಿಗೆ ಕೈ ಚಾಚಿದೆ.

"ಕೊಡೀಮ್ಮಾ, ನೋಡೇಬಿಡೋಣ!"

ಅಜ್ಜಿ ಚೊಂಬನ್ನು ಸರಕ್ಕನೆ ಸೆರಗಿನೊಳಗೆ ಎಳೆದುಕೊಂಡಿತು. ಕನ್ನಡಕ ಸರಿಮಾಡಿಕೊಂಡು ನನ್ನ ಮುಖವನ್ನೇ ನೋಡಿತು.

"ನೀನು ಆ ಇದ್ದಿಲಿನವನಲ್ವೇನಪ್ಪಾ? ಪರವಾಗಿಲ್ಲ ಬಿಡು, ಮೇಡಂ ಡ್ಯೂಟಿಯಿಂದ ಬರೋವರೆಗೆ ಕಾಯ್ತೀವಿ. ಅಲ್ಲೀವರೆಗೆ ಕುಡಿಯೋಕೆ ಒಂದ್ಲೋಟ ನೀರಿದ್ರೆ ಕೊಡ್ತೀಯಾ?"